ಬರ್ನರ್‌ನ ಆಚೆಗೊಬ್ಬ ಬನ್ಸನ್

ವಿಜ್ಞಾನ ಓದಿದ ಯಾರನ್ನೇ ಕೇಳಿ, ಬನ್ಸನ್ ಎಂದರೆ ಒಂದು ಬರ್ನರ್. ಪಿಯುಸಿ ಪ್ರಯೋಗಾಲಯದಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆಲ್ಲ ಆ ನೀಲಿ ಜ್ವಾಲೆ ಗೊತ್ತು. ಇಟ್ಟಿಗೆ ಕೆಂಪು ಬಂದರೆ ಕ್ಯಾಲ್ಸಿಯಂ, ಸೇಬಿನ ಹಸಿರು ಬಂದರೆ ಬೇರಿಯಂ, ಕಡುಗೆಂಪು ಬಂದರೆ ಸ್ಟ್ರಾನ್ಷಿಯಂ. ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಅಲ್ಲಿಗೆ ಬನ್ಸನ್ ಮುಗಿದ. ಆ ಹೆಸರಿನ ಹಿಂದೆ ಒಂದು ಕಣ್ಣು ಕಳೆದುಕೊಂಡ, ಜ್ವಾಲಾಮುಖಿಯ ಬುಡಕ್ಕೆ ಹೋಗಿ ಗಾಳಿ ಹಿಡಿದು ತಂದ, ನಲವತ್ತನಾಲ್ಕು ಸಾವಿರ ಲೀಟರ್ ನೀರು ಇಂಗಿಸಿ ಏಳು ಗ್ರಾಂ ಉಪ್ಪು ತೆಗೆದ ಮನುಷ್ಯನೊಬ್ಬ ಇದ್ದಾನೆ ಎಂದು ಪಠ್ಯಪುಸ್ತಕ ಹೇಳುವುದಿಲ್ಲ.

ನಾನು ಅವನ ಬಳಿ ಹೋದದ್ದು ಸಮುದ್ರದ ದಾರಿಯಿಂದ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಸಾಗರ ಸಂಶೋಧನೆಯ ಪ್ರಾಜೆಕ್ಟ್ ಹುದ್ದೆಗಳಿಗೆ ತಯಾರಿ ನಡೆಸುವಾಗ ಆಳ ಸಮುದ್ರದ ಹೈಡ್ರೋಥರ್ಮಲ್ ವೆಂಟ್‌ಗಳ ಬಗ್ಗೆ ಓದಬೇಕಾಯಿತು. ಸಮುದ್ರದ ತಳ ಬಿರಿದಲ್ಲಿ ನೀರು ಬಿರುಕಿನೊಳಗೆ ಇಳಿದು, ಕೆಳಗಿನ ಬಿಸಿ ಬಂಡೆಯನ್ನು ಮುಟ್ಟಿ, ಲೋಹಗಳನ್ನು ಕರಗಿಸಿಕೊಂಡು ಮತ್ತೆ ಮೇಲೆ ಚಿಮ್ಮುತ್ತದೆ. ಚಿಮ್ಮಿದ ನೀರು ಕಪ್ಪು ಹೊಗೆಯ ಹಾಗೆ ಮೇಲೇರಿ, ತಣ್ಣೀರಿನೊಂದಿಗೆ ಬೆರೆತು ತೆಳುವಾಗುತ್ತ, ತಳದಿಂದ ಕೆಲವು ನೂರು ಮೀಟರ್ ಎತ್ತರದಲ್ಲಿ ಸುತ್ತಲಿನ ನೀರಿನಷ್ಟೇ ಭಾರವಾಗಿ ನಿಂತು ಅಡ್ಡಡ್ಡ ಹರಡುತ್ತದೆ. ಇದಕ್ಕೆ ಪ್ಲೂಮ್ ಎನ್ನುತ್ತಾರೆ. ಅಷ್ಟೊತ್ತಿಗೆ ಮೂಲದ ನೀರು ಸುಮಾರು ಹತ್ತು ಸಾವಿರ ಪಟ್ಟು ತೆಳುವಾಗಿರುತ್ತದೆ. ಬರಿಗಣ್ಣಿಗೆ ಕಾಣುವುದು ಏನೂ ಇಲ್ಲ. ಆದರೂ ಹಡಗಿನಿಂದ ಬಾಟಲಿ ಇಳಿಸಿ ನೀರು ತಂದು, ಅದರಲ್ಲಿರುವ ಮೀಥೇನ್, ಮ್ಯಾಂಗನೀಸ್, ಕಬ್ಬಿಣವನ್ನು ಅಳೆದರೆ ಬಿಸಿನೀರಿನ ಬಾಯಿ ಎಲ್ಲೋ ಹತ್ತಿರದಲ್ಲಿದೆ ಎಂದು ಗೊತ್ತಾಗುತ್ತದೆ. ಈ ಅಳತೆಯ ವಿಧಾನಗಳ ಬೇರು ಹುಡುಕುತ್ತ ಹೋದಾಗ ಎದುರಾದದ್ದು ಬನ್ಸನ್. ಬಿಸಿನೀರು, ಅನಿಲ, ಲೋಹ ಮೂರರಲ್ಲೂ ಅವನ ಕೈ ಇದೆ.

ಹುಟ್ಟಿದ್ದು 1811ರ ಮಾರ್ಚ್‌ನಲ್ಲಿ, ಜರ್ಮನಿಯ ಗಾಟಿಂಗೆನ್‌ನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಗ್ರಂಥಪಾಲಕರೂ ಹೌದು. ನಾಲ್ವರು ಗಂಡುಮಕ್ಕಳಲ್ಲಿ ಇವನೇ ಕಿರಿಯ. ಇಪ್ಪತ್ತರ ಹೊತ್ತಿಗೆ ಡಾಕ್ಟರೇಟ್ ಆಗಿತ್ತು. ಆಮೇಲೆ 1832ರಿಂದ ಒಂದೂವರೆ ವರ್ಷದಷ್ಟು ಕಾಲ ಜರ್ಮನಿ, ಪ್ಯಾರಿಸ್, ವಿಯೆನ್ನಾ ಅಲೆದು ಗಣಿ, ಕಾರ್ಖಾನೆ, ಪ್ರಯೋಗಾಲಯಗಳನ್ನು ನೋಡಿದ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಖಾಲಿ ಕೂತರೆ ನಮ್ಮಲ್ಲಿ ಮನೆಯವರು, ಸಂಬಂಧಿಕರು, ಕೊನೆಗೆ ಸಂದರ್ಶನದವರೂ ಆ ಗ್ಯಾಪ್ ಯಾಕೆ ಎಂದು ಕೇಳುತ್ತಾರೆ. ಬನ್ಸನ್‌ನ ಇಡೀ ಜೀವನದ ವಿಷಯಗಳು ಆ ಗ್ಯಾಪ್‌ನಲ್ಲೇ ಸಿಕ್ಕವು ಅನ್ನಿಸುತ್ತದೆ ನನಗೆ.

1834ರಲ್ಲಿ ಬರ್ಟೋಲ್ಡ್ ಎಂಬ ವೈದ್ಯನ ಜೊತೆ ಸೇರಿ ಆರ್ಸೆನಿಕ್ ವಿಷಕ್ಕೆ ಮದ್ದು ಕಂಡುಹಿಡಿದ. ಆಗಷ್ಟೇ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಆರ್ಸೆನಿಕ್ಕನ್ನು ಹಿಡಿದು ಕೂರಿಸಿಬಿಡುತ್ತದೆ. ಇವತ್ತಿಗೂ ಬಂಗಾಳದ ಕಡೆ ಬಾವಿ ನೀರಿನಿಂದ ಆರ್ಸೆನಿಕ್ ತೆಗೆಯುವ ಎಷ್ಟೋ ಫಿಲ್ಟರ್‌ಗಳು ಇದೇ ತತ್ವದಲ್ಲಿ ಕೆಲಸ ಮಾಡುತ್ತವೆ. ಸ್ವಾರಸ್ಯವೆಂದರೆ, ಸಮುದ್ರದಡಿಯ ಪ್ಲೂಮ್‌ಗಳಲ್ಲೂ ಇದೇ ನಡೆಯುತ್ತದೆ. ಬಿಸಿನೀರಿನಲ್ಲಿ ಬಂದ ಕಬ್ಬಿಣ ತಣ್ಣೀರಿನ ಆಮ್ಲಜನಕ ತಾಗಿ ತುಕ್ಕಿನ ಕಣಗಳಾಗುತ್ತದೆ. ಆ ಕಣಗಳು ಆರ್ಸೆನಿಕ್, ರಂಜಕದಂಥವನ್ನು ಗುಡಿಸಿಕೊಂಡು ತಳಕ್ಕಿಳಿಯುತ್ತವೆ.

1836ರಲ್ಲಿ ಕಾಸೆಲ್ ಎಂಬ ಊರಿನ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತು. ಮೂರು ವರ್ಷದ ಬಳಿಕ ಮಾರ್ಬರ್ಗ್ ವಿಶ್ವವಿದ್ಯಾಲಯ. ಈ ಅವಧಿಯಲ್ಲೇ ಕ್ಯಾಕೋಡಿಲ್ ಎಂಬ ಆರ್ಸೆನಿಕ್ ಸಂಯುಕ್ತಗಳ ಹಿಂದೆ ಬಿದ್ದ. ಗಾಳಿ ತಾಗಿದರೆ ತಾನೇ ಹತ್ತಿಕೊಳ್ಳುವ, ತಡೆಯಲಾಗದ ನಾತದ ವಸ್ತುಗಳು. ಅದರ ಆವಿ ಕುಡಿದರೆ ಕೈಕಾಲು ಜುಮ್ಮೆನ್ನುತ್ತಿತ್ತು. ಒಂದು ದಿನ ಕ್ಯಾಕೋಡಿಲ್ ಸಯನೈಡ್ ಸಿಡಿದು ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತು. ದೃಷ್ಟಿ ಹೋಯಿತು. ಆರ್ಸೆನಿಕ್ ವಿಷವೇರಿ ಸಾವಿನ ಬಾಗಿಲು ತಟ್ಟಿ ಬಂದ. ಗುಣವಾದ ಮೇಲೆ ಆ ಕೆಲಸವನ್ನು ಮುಗಿಸಿಯೇ ಬಿಟ್ಟ. ಆಮೇಲೆ ಸಾವಯವ ರಸಾಯನಶಾಸ್ತ್ರದ ಕಡೆ ತಿರುಗಿ ನೋಡಲಿಲ್ಲ. ಮುಂದೆ ಬಣ್ಣದ ಗೆರೆಗಳನ್ನು ನೋಡಿ ಹೊಸ ಲೋಹ ಗುರುತಿಸಿದ ಮನುಷ್ಯನಿಗೆ ಇದ್ದದ್ದು ಒಂದೇ ಕಣ್ಣು ಎಂಬುದನ್ನು ನಾನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕನ್ನಡಕ ಹಾಕದೆ ಆಮ್ಲ ಸುರಿಯುವ ಗೆಳೆಯರಿಗೆ ಈಗ ಈ ಕಥೆ ಹೇಳುತ್ತಿರುತ್ತೇನೆ.

ಅನಿಲಗಳ ಕಡೆ ಅವನನ್ನು ಎಳೆದದ್ದು ಕಬ್ಬಿಣದ ಕುಲುಮೆಗಳು. ಕುಲುಮೆಯ ಬಾಯಿಂದ ಏನು ಹೋಗುತ್ತಿದೆ ಎಂದು ಯಾರೂ ಅಳೆದಿರಲಿಲ್ಲ. ಬನ್ಸನ್ ಕೊಳವೆ ಇಳಿಸಿ ಅನಿಲ ಹಿಡಿದು ಅಳೆದ. ಜರ್ಮನಿಯ ಇದ್ದಿಲು ಕುಲುಮೆಗಳಲ್ಲಿ ಇಂಧನದ ಅರ್ಧದಷ್ಟು ಶಾಖ ಹೊಗೆಯಲ್ಲಿ ಪೋಲಾಗುತ್ತಿತ್ತು. ಆಮೇಲೆ ಲಯನ್ ಪ್ಲೇಫೇರ್ ಜೊತೆ ಇಂಗ್ಲೆಂಡಿನ ಕಲ್ಲಿದ್ದಲು ಕುಲುಮೆಗಳನ್ನು ನೋಡಿದರೆ ಅಲ್ಲಿ ಶೇ 80ಕ್ಕೂ ಹೆಚ್ಚು! ಅನಿಲವನ್ನು ಹಿಡಿಯುವುದು, ಪಾದರಸದ ಮೇಲೆ ಅಳೆಯುವುದು, ಒಂದೊಂದನ್ನೇ ಹೀರಿಸಿ ಅಥವಾ ಉರಿಸಿ ಲೆಕ್ಕ ಹಾಕುವುದು, ಇದೆಲ್ಲ ಅವನ ಕೈಯಲ್ಲಿ ಒಂದು ಶಾಸ್ತ್ರವಾಯಿತು. 1857ರಲ್ಲಿ ಪುಸ್ತಕವಾಗಿ ಬಂತು. ಅವನು ಬರೆದ ಒಂದೇ ಪುಸ್ತಕ ಅದು.

ಆದರೆ ನನಗೆ ಅತಿ ಹೆಚ್ಚು ಹಿಡಿಸಿದ್ದು 1846. ಹಿಂದಿನ ವರ್ಷ ಐಸ್‌ಲ್ಯಾಂಡ್‌ನ ಹೆಕ್ಲಾ ಜ್ವಾಲಾಮುಖಿ ಸಿಡಿದಿತ್ತು. ಡೆನ್ಮಾರ್ಕ್ ಸರ್ಕಾರದ ನೆರವಿನಲ್ಲಿ ಬನ್ಸನ್ ಅಲ್ಲಿಗೆ ಹೊರಟ. ಮೂರು ತಿಂಗಳಿಗೂ ಮೀರಿ ಆ ದ್ವೀಪದಲ್ಲಿದ್ದು ಬಂಡೆ ಸಂಗ್ರಹಿಸಿದ, ನೆಲದ ಬಿರುಕುಗಳಿಂದ ಹೊರಡುವ ಅನಿಲಗಳನ್ನು ಗಾಜಿನ ಕೊಳವೆಗಳಲ್ಲಿ ತುಂಬಿ ತಂದ. ಜಲಜನಕ, ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್. ಸಮುದ್ರದಡಿಯ ಬುಗ್ಗೆಗಳಲ್ಲಿ ಇವತ್ತು ಅಳೆಯುವ ಅನಿಲಗಳ ಪಟ್ಟಿಯಲ್ಲೂ ಇವು ಇವೆ. ಐಸ್‌ಲ್ಯಾಂಡ್ ಎಂದರೆ ಅಟ್ಲಾಂಟಿಕ್ ನಡುವಿನ ಸಾಗರ ಬೆನ್ನೆಲುಬು ನೀರಿನ ಮೇಲೆ ತಲೆ ಎತ್ತಿದ ಜಾಗ. ಅದು ಅವನಿಗೆ ಗೊತ್ತಿರಲಿಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವನು ನಿಂತದ್ದು ಸರಿಯಾದ ಜಾಗದಲ್ಲೇ.

ಅಲ್ಲೊಂದು ದೊಡ್ಡ ಗೀಸರ್ ಇತ್ತು. ಕೊಳದ ನಡುವೆ ಇಪ್ಪತ್ತು ಮೀಟರ್‌ಗೂ ಮೀರಿದ ಆಳದ ಬಾವಿಯಂಥ ಕೊಳವೆ. ಆಗೊಮ್ಮೆ ಈಗೊಮ್ಮೆ ಬಿಸಿನೀರು ಆಕಾಶಕ್ಕೆ ಎರಚುತ್ತಿತ್ತು. ಪಕ್ಕದಲ್ಲಿ ಗುಹೆಯಿದೆ, ಅದರಲ್ಲಿ ಆವಿ ತುಂಬಿ ನೀರನ್ನು ತಳ್ಳುತ್ತದೆ ಎಂಬುದು ಅಲ್ಲಿವರೆಗಿನ ನಂಬಿಕೆ. ಬನ್ಸನ್ ಮತ್ತು ಅವನ ಜೊತೆಗಾರರು ಮಾಡಿದ್ದು ಸರಳ ಕೆಲಸ, ಆದರೆ ಎದೆಗಾರಿಕೆಯದು. ಚಿಮ್ಮುವ ಮುನ್ನವೇ ಆ ಕೊಳವೆಯೊಳಗೆ ಹಗ್ಗದಲ್ಲಿ ಥರ್ಮಾಮೀಟರ್ ಇಳಿಸಿ ಬೇರೆ ಬೇರೆ ಆಳದಲ್ಲಿ ಉಷ್ಣತೆ ನೋಡಿದರು. ತಳದ ಹತ್ತಿರ 120 ಡಿಗ್ರಿಗೂ ಮೀರಿತ್ತು. ಆದರೂ ಕುದಿಯುತ್ತಿರಲಿಲ್ಲ. ಮೇಲಿನ ನೀರಿನ ಭಾರ ಕುದಿಯಲು ಬಿಡುತ್ತಿರಲಿಲ್ಲ. ಕೆಳಗಿನಿಂದ ಬಂದ ಆವಿ ನೀರಿನ ಕಂಬವನ್ನು ಒಂದಿಷ್ಟು ಮೇಲೆತ್ತಿದರೆ ಸಾಕು, ನಡುವಿನ ನೀರಿಗೆ ಭಾರ ಕಡಿಮೆಯಾಗಿ ಒಮ್ಮೆಗೇ ಕುದಿಯುತ್ತದೆ. ಅದು ಮೇಲಿನದನ್ನು ಹೊರಚೆಲ್ಲುತ್ತದೆ, ಕೆಳಗಿನದಕ್ಕೂ ಭಾರ ಇಳಿಯುತ್ತದೆ, ಇಡೀ ಬಾವಿಯೇ ಸಿಡಿಯುತ್ತದೆ. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಮುಚ್ಚಳವನ್ನು ಆವಿ ಇಳಿಯುವ ಮುಂಚೆ ಎಳೆದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಊರಿಗೆ ಮರಳಿದ ಮೇಲೆ ಬೋಗುಣಿಯ ಕೆಳಗೆ ಉದ್ದ ಕೊಳವೆ ಜೋಡಿಸಿ ಕೃತಕ ಗೀಸರ್ ಕೂಡ ಮಾಡಿ ತೋರಿಸಿದ.

ಇದೇ ಲೆಕ್ಕವನ್ನು ಸಮುದ್ರಕ್ಕೆ ಒಯ್ಯಿರಿ. ಎರಡೂವರೆ ಸಾವಿರ ಮೀಟರ್ ಆಳದಲ್ಲಿ ಒತ್ತಡ ಸುಮಾರು 250 ವಾತಾವರಣದಷ್ಟು. ಅಲ್ಲಿ ನೀರು 350 ಡಿಗ್ರಿ ಕಾದರೂ ಕುದಿಯದೆ ದ್ರವವಾಗಿಯೇ ಹೊರಬರುತ್ತದೆ. ಅಷ್ಟು ಕಾದ, ಆಮ್ಲೀಯ ನೀರು ಬಂಡೆಯಿಂದ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಸತುವನ್ನು ಬಾಚಿಕೊಂಡು ಬರುತ್ತದೆ. ತಣ್ಣೀರು ಸೋಕಿದ ಕ್ಷಣ ಲೋಹದ ಸಲ್ಫೈಡ್‌ಗಳು ಕಪ್ಪು ಪುಡಿಯಾಗಿ ಉದುರುತ್ತವೆ. ಹೊಗೆಯಂತೆ ಕಾಣುವುದು ಅದೇ.

1851ರಲ್ಲಿ ಬ್ರೆಸ್ಲಾವ್‌ಗೆ ಹೋದ ಬನ್ಸನ್‌ಗೆ ಅಲ್ಲಿ ಗುಸ್ತಾವ್ ಕಿರ್ಕಾಫ್ ಎಂಬ ಯುವ ಭೌತವಿಜ್ಞಾನಿಯ ಸ್ನೇಹವಾಯಿತು. ಮರುವರ್ಷ ಬನ್ಸನ್ ಹೈಡೆಲ್‌ಬರ್ಗ್ ಸೇರಿದ, 1854ರಲ್ಲಿ ಕಿರ್ಕಾಫ್‌ನನ್ನೂ ಅಲ್ಲಿಗೆ ಕರೆಸಿಕೊಂಡ. ಹೊಸ ಪ್ರಯೋಗಾಲಯ ಕಟ್ಟಿದಾಗ ಊರಿಗೆ ಕಲ್ಲಿದ್ದಲು ಅನಿಲದ ಪೂರೈಕೆ ಬಂದಿತ್ತು. ಮಸಿ ಇಲ್ಲದ, ತನ್ನದೇ ಬಣ್ಣವಿಲ್ಲದ ಜ್ವಾಲೆ ಬೇಕು ಎಂದು ಬನ್ಸನ್ ಯೋಚಿಸಿದ. ಉರಿಯುವ ಮುನ್ನವೇ ಅನಿಲಕ್ಕೆ ಗಾಳಿ ಬೆರೆಸುವ ಅವನ ಕಲ್ಪನೆಗೆ ರೂಪ ಕೊಟ್ಟವನು ವಿಶ್ವವಿದ್ಯಾಲಯದ ಉಪಕರಣ ತಯಾರಕ ಪೀಟರ್ ಡೆಸಾಗಾ. ಬರ್ನರ್ ಬಂದದ್ದು 1855ರಲ್ಲಿ. ಬನ್ಸನ್ ಪೇಟೆಂಟ್ ಮಾಡಿಸಲಿಲ್ಲ. ಜಗತ್ತಿನ ಎಲ್ಲ ಲ್ಯಾಬ್‌ಗಳಲ್ಲಿ ಹೆಸರು ಉಳಿಯಿತು, ದುಡ್ಡು ಬರಲಿಲ್ಲ. ಅದಕ್ಕೂ ಮುನ್ನ 1841ರಲ್ಲಿ ದುಬಾರಿ ಪ್ಲಾಟಿನಂ ಬದಲು ಇಂಗಾಲ ಬಳಸಿ ಅಗ್ಗದ ಬ್ಯಾಟರಿ ಮಾಡಿದಾಗಲೂ ಅವನು ಸಿರಿವಂತನಾಗಲು ಹೋಗಲಿಲ್ಲ. ಪ್ರಾಧ್ಯಾಪಕನ ಸಂಬಳ ಕೈಯಲ್ಲಿದ್ದವನಿಗೆ ಇದು ಸುಲಭ ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುತ್ತೇನೆ. ಆದರೆ ಡೆಸಾಗಾನ ಹೆಸರು ನಮ್ಮ ಪುಸ್ತಕಗಳಲ್ಲಿ ಇಲ್ಲದಿರುವುದು ಮಾತ್ರ ಅನ್ಯಾಯ.

ಬರ್ನರ್ ಮಾಡಿದ್ದು ನೀರು ಕಾಯಿಸಲಿಕ್ಕಷ್ಟೇ ಅಲ್ಲ. ಜ್ವಾಲೆಗೆ ಬಣ್ಣವಿಲ್ಲದಿದ್ದರೆ ಅದರಲ್ಲಿಟ್ಟ ಉಪ್ಪಿನ ಬಣ್ಣ ಸ್ವಚ್ಛವಾಗಿ ಕಾಣುತ್ತದೆ. ತೊಂದರೆ ಏನೆಂದರೆ ಸೋಡಿಯಂ. ಎಲ್ಲ ಕಡೆ ಇರುವ ಅದರ ಹಳದಿ ಬೇರೆಲ್ಲ ಬಣ್ಣವನ್ನು ನುಂಗಿಬಿಡುತ್ತದೆ. ಬನ್ಸನ್ ಬಣ್ಣದ ಗಾಜುಗಳ ಮೂಲಕ ನೋಡುತ್ತಿದ್ದ. ಪಟ್ಟಕದ ಮೂಲಕ ನೋಡಬಾರದೇಕೆ ಎಂದವನು ಕಿರ್ಕಾಫ್. 1859ರಲ್ಲಿ ಇಬ್ಬರೂ ಸೇರಿ ಸ್ಪೆಕ್ಟ್ರೋಸ್ಕೋಪ್ ಜೋಡಿಸಿದರು. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ನಮ್ಮ ಬೆರಳಚ್ಚಿನ ಹಾಗೆ. ಎಷ್ಟು ಸೂಕ್ಷ್ಮವೆಂದರೆ, ಕೋಣೆಯ ಮೂಲೆಯಲ್ಲಿ ಮೂರು ಮಿಲಿಗ್ರಾಂ ಸೋಡಿಯಂ ಕ್ಲೋರೇಟ್ ಸಿಡಿಸಿದರೆ ಕೆಲವೇ ನಿಮಿಷಗಳಲ್ಲಿ ಆಚೆ ತುದಿಯ ಜ್ವಾಲೆಯಲ್ಲಿ ಹಳದಿ ಗೆರೆ ಮೂಡಿತು. ಒಂದು ಮಿಲಿಗ್ರಾಮಿನ ಮೂವತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸೋಡಿಯಂ ಕೂಡ ಸಿಕ್ಕಿಬೀಳುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಬಾಟ್ ಡ್ಯುರ್ಕ್‌ಹೈಮ್ ಎಂಬ ಊರಿನ ಖನಿಜ ಬುಗ್ಗೆಯ ನೀರು ಇಲ್ಲಿಗೆ ಬರುತ್ತದೆ. ಬನ್ಸನ್ ಆ ನೀರನ್ನು ಇಂಗಿಸಿ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಮೆಗ್ನೀಷಿಯಂ, ಲಿಥಿಯಂ ಬೇರ್ಪಡಿಸಿ ಉಳಿದ ಹನಿಯನ್ನು ಜ್ವಾಲೆಗೆ ಹಿಡಿದ. ಪಕ್ಕಪಕ್ಕದಲ್ಲಿ ಎರಡು ನೀಲಿ ಗೆರೆಗಳು. ಗೊತ್ತಿದ್ದ ಯಾವ ಧಾತುವಿಗೂ ಅಲ್ಲಿ ಗೆರೆ ಇರಲಿಲ್ಲ. 1860. ಹೊಸ ಲೋಹವಿದೆ ಎಂದು ಗೊತ್ತಾಯಿತು, ಆದರೆ ಕೈಗೆ ಸಿಗಬೇಕಲ್ಲ. 44,000 ಲೀಟರ್ ನೀರನ್ನು ಇಂಗಿಸಲಾಯಿತು. ನಾಲ್ಕು ದೊಡ್ಡ ಟ್ಯಾಂಕರ್ ಎಂದುಕೊಳ್ಳಿ. ಪ್ಲಾಟಿನಂ ಕ್ಲೋರೈಡಿನಿಂದ ಒತ್ತರಿಸಿ, ಕುದಿಯುವ ನೀರಲ್ಲಿ ಮತ್ತೆ ಮತ್ತೆ ತೊಳೆದು, ಪೊಟ್ಯಾಸಿಯಂ ಕಳೆದು, ಕೊನೆಗೆ ಸಿಕ್ಕಿದ್ದು 7.3 ಗ್ರಾಂ ಸೀಸಿಯಂ ಕ್ಲೋರೈಡ್, 9.2 ಗ್ರಾಂ ರುಬಿಡಿಯಂ ಕ್ಲೋರೈಡ್. ಆಕಾಶ ನೀಲಿ ಎಂಬರ್ಥದ ಲ್ಯಾಟಿನ್ ಪದದಿಂದ ಒಂದಕ್ಕೆ ಹೆಸರು, ಕಡುಗೆಂಪು ಎಂಬರ್ಥದ ಪದದಿಂದ ಇನ್ನೊಂದಕ್ಕೆ. ಚಹಾ ಚಮಚದಷ್ಟು ಪುಡಿಗಾಗಿ ಅಷ್ಟೊಂದು ಉರುವಲು ಸುಟ್ಟವನನ್ನು ಇವತ್ತಿನ ಪ್ರಾಜೆಕ್ಟ್ ಮೌಲ್ಯಮಾಪನ ಸಮಿತಿಯ ಮುಂದೆ ನಿಲ್ಲಿಸಿದ್ದರೆ ಅನುದಾನ ಸಿಗುತ್ತಿತ್ತೋ ಇಲ್ಲವೋ!

ಪ್ಲೂಮ್ ನೀರಿನೊಂದಿಗೆ ಕೆಲಸ ಮಾಡುವವರ ಕಷ್ಟವೂ ಡ್ಯುರ್ಕ್‌ಹೈಮ್‌ನ ಕಷ್ಟವೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ 35 ಗ್ರಾಂ ಉಪ್ಪು. ಅದರೊಳಗೆ ಹುಡುಕಬೇಕಾದ ಮ್ಯಾಂಗನೀಸ್ ಗ್ರಾಮಿನ ಕೋಟಿ ಭಾಗಗಳ ಲೆಕ್ಕದ್ದು. ಆದರೆ ವೆಂಟ್‌ನ ಬಾಯಲ್ಲಿ ಅದು ಸಾಮಾನ್ಯ ಆಳನೀರಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಇರುವುದರಿಂದ, ಹತ್ತು ಸಾವಿರ ಪಟ್ಟು ತೆಳುವಾದರೂ ಎದ್ದು ಕಾಣುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರನ್ನು ಲಾರಿಗಟ್ಟಲೆ ನೋಡಿ ಬೆಳೆದ ನನಗೆ ಅದನ್ನೇ ನ್ಯಾನೋಗ್ರಾಮಿನಲ್ಲಿ ಹುಡುಕುವುದು ತಮಾಷೆಯಾಗಿ ಕಾಣುತ್ತದೆ. ಹಡಗೇ ಕಬ್ಬಿಣದ್ದು, ಹಗ್ಗ ಉಕ್ಕಿನದು. ಹಾಗಾಗಿ ಬಾಟಲಿ, ದಾರ, ಕೈಗವಸು, ಕೋಣೆಯ ಗಾಳಿ ಎಲ್ಲವನ್ನೂ ಲೋಹದಿಂದ ದೂರ ಇಡಬೇಕು. ನೀರಿಗೆ ಶುದ್ಧ ಆಮ್ಲ ಹಾಕಿ, ರಾಳದ ಮೂಲಕ ಹಾಯಿಸಿ ಉಪ್ಪು ಕಳೆದು ಲೋಹ ಉಳಿಸಿಕೊಂಡು, ಆಮೇಲೆ ಯಂತ್ರಕ್ಕೆ ಕೊಡುತ್ತಾರೆ. ಜ್ವಾಲೆಯ ಜಾಗದಲ್ಲಿ ಈಗ ಸಾವಿರಾರು ಡಿಗ್ರಿಯ ಆರ್ಗಾನ್ ಪ್ಲಾಸ್ಮಾ ಇರಬಹುದು. ಆದರೆ ಮೊದಲು ಜೊತೆಗಾರರನ್ನು ಕಳೆ, ಆಮೇಲೆ ಬೇಕಾದವನನ್ನು ಹುಡುಕು ಎಂಬ ಕ್ರಮ ಅದೇ.

ಮೀಥೇನ್‌ನದು ಇನ್ನೊಂದು ಬಗೆ. ಬಾಟಲಿ ಮೇಲೆ ಬಂದ ತಕ್ಷಣ, ಅನಿಲ ಹಾರಿಹೋಗುವ ಮುನ್ನ, ಗುಳ್ಳೆ ಸೇರದಂತೆ ನೀರನ್ನು ಗಾಜಿನ ಸೀಸೆಗೆ ತುಂಬಬೇಕು. ಸೂಕ್ಷ್ಮಜೀವಿಗಳು ಮೀಥೇನ್ ತಿಂದು ಮುಗಿಸದಂತೆ ಅವನ್ನು ಕೊಲ್ಲಬೇಕು. ಆಮೇಲೆ ಕರಗಿದ ಅನಿಲವನ್ನು ಹೊರತೆಗೆದು ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಕೊಟ್ಟರೆ ಅದರ ತುದಿಯಲ್ಲಿ ಒಂದು ಪುಟ್ಟ ಜಲಜನಕದ ಜ್ವಾಲೆ. ಮೀಥೇನ್ ಅದರಲ್ಲಿ ಉರಿದಾಗ ಅಯಾನುಗಳು ಹುಟ್ಟಿ ಸಣ್ಣ ವಿದ್ಯುತ್ ಹರಿಯುತ್ತದೆ. ಅದನ್ನೇ ಅಳೆಯುತ್ತಾರೆ. ಅನಿಲವನ್ನು ಉರಿಸಿ ಅಳೆಯುವುದು ಎಂದಾಗ ನನಗೆ ಪಾದರಸದ ತೊಟ್ಟಿಯ ಮುಂದೆ ಬಗ್ಗಿ ಕೂತ ಬನ್ಸನ್ ನೆನಪಾಗುತ್ತಾನೆ. ಮೀಥೇನ್ ಜೊತೆ ಲೋಹವನ್ನೂ ನೋಡುವುದಕ್ಕೆ ಕಾರಣವಿದೆ. ಕಬ್ಬಿಣ ಬೇಗ ಉದುರುತ್ತದೆ, ಮ್ಯಾಂಗನೀಸ್ ಹೆಚ್ಚು ದೂರ ಸಾಗುತ್ತದೆ, ಮೀಥೇನ್ ದಿನ ಕಳೆದಂತೆ ಸೂಕ್ಷ್ಮಜೀವಿಗಳ ಹೊಟ್ಟೆ ಸೇರುತ್ತದೆ. ಮೂರರ ಪ್ರಮಾಣ ಹೋಲಿಸಿದರೆ ಪ್ಲೂಮ್ ಎಷ್ಟು ಹಳೆಯದು, ಕೆಳಗಿನ ಬಂಡೆ ಯಾವ ಬಗೆಯದು ಎಂದು ಅಂದಾಜು ಸಿಗುತ್ತದೆ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ಹಿಂದೂ ಮಹಾಸಾಗರದ ಬೆನ್ನೆಲುಬಿನಲ್ಲಿ ಸಲ್ಫೈಡ್ ಅದಿರು ಹುಡುಕಲು 10,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಹಾಗೂ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಸೇರಿ ಸುಮಾರು 4,500 ಮೀಟರ್ ಆಳದ ಜೀವಂತ ವೆಂಟ್ ಒಂದರ ಚಿತ್ರ ತೆಗೆದ ಸುದ್ದಿ 2024ರ ಡಿಸೆಂಬರ್‌ನಲ್ಲಿ ಬಂತು. ರಸಾಯನಶಾಸ್ತ್ರ ಓದಿದವರಿಗೆ ಔಷಧ ಕಂಪನಿ ಬಿಟ್ಟರೆ ಗತಿಯಿಲ್ಲ ಎನ್ನುವವರು ಈ ಕಡೆಯೂ ಒಮ್ಮೆ ಕಣ್ಣು ಹಾಯಿಸಬಹುದು.

ಬನ್ಸನ್ ಮದುವೆಯಾಗಲಿಲ್ಲ. ಪಾಠ ಮಾಡುವುದೆಂದರೆ ಪ್ರಾಣ. ರಾಸ್ಕೋ, ಫ್ರಾಂಕ್‌ಲ್ಯಾಂಡ್, ಟಿಂಡಾಲ್, ಲೋಥರ್ ಮೇಯರ್ ಅವನ ಬಳಿ ಕಲಿತವರು. ರಷ್ಯಾದ ಮೆಂಡಲೀವ್ ಕೂಡ ಯೌವನದಲ್ಲಿ ಹೈಡೆಲ್‌ಬರ್ಗ್‌ನಲ್ಲಿದ್ದ. ಆದರೆ ಅವನ ಬಗ್ಗೆ ಓದಿದ್ದರಲ್ಲಿ ನನ್ನನ್ನು ಕಾಡಿದ್ದು 1870ರ ದಶಕದ ಒಂದು ಘಟನೆ. ವಿರಳ ಲೋಹಗಳ ಕಿಡಿ ರೋಹಿತಗಳ ಮೇಲೆ ಮೂರು ವರ್ಷ ದುಡಿದು ಹಸ್ತಪ್ರತಿ, ಚಿತ್ರಗಳನ್ನು ಸಿದ್ಧ ಮಾಡಿ ಮೇಜಿನ ಮೇಲಿಟ್ಟಿದ್ದ. ಪಕ್ಕದಲ್ಲಿ ನೀರಿನ ಸೀಸೆ. ಬಿಸಿಲು ಅದರ ಮೂಲಕ ಭೂತಗನ್ನಡಿಯಂತೆ ಹಾದು ಕಾಗದಕ್ಕೆ ಬೆಂಕಿ ಹತ್ತಿತು. ಊಟ ಮುಗಿಸಿ ಬಂದರೆ ಬೂದಿ. ಬೆಳಕನ್ನು ಬಗ್ಗಿಸಿ ಹೆಸರು ಮಾಡಿದವನ ಕೆಲಸವನ್ನು ಬಗ್ಗಿದ ಬೆಳಕೇ ಸುಟ್ಟಿತ್ತು. ಅವನಿಗೆ ಆಗ ಅರವತ್ತು ದಾಟಿತ್ತು. ಮೊದಲಿನಿಂದ ಮತ್ತೆ ಅಳೆದು, ಮತ್ತೆ ಬರೆದು ಪ್ರಕಟಿಸಿದ.

ಅವರ ಉಪಕರಣ ಅಷ್ಟರಲ್ಲಿ ಜಗತ್ತು ಸುತ್ತುತ್ತಿತ್ತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ಪಕ್ಕದ ಗುಂಟೂರಿಗೆ ಬಂದು ಸೂರ್ಯನ ಅಂಚಿಗೆ ಸ್ಪೆಕ್ಟ್ರೋಸ್ಕೋಪ್ ಹಿಡಿದ. ಆ ವರ್ಷದ ವೀಕ್ಷಣೆಗಳಲ್ಲಿ ಕಂಡ ಒಂದು ಹಳದಿ ಗೆರೆ ಸೋಡಿಯಂನದಲ್ಲ ಎಂದು ಗೊತ್ತಾಗಿ ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಪ್ಲೂಮ್ ಹುಡುಕುವವರಿಗೆ ಅತಿ ನಂಬಿಕೆಯ ಗುರುತು ಈಗ ಹೀಲಿಯಂ-3. ಅದನ್ನು ಯಾವ ಜೀವಿಯೂ ತಿನ್ನುವುದಿಲ್ಲ, ಅದು ತಳಕ್ಕೂ ಉದುರುವುದಿಲ್ಲ.

1889ರಲ್ಲಿ, 78ನೇ ವಯಸ್ಸಿನಲ್ಲಿ ಬನ್ಸನ್ ನಿವೃತ್ತನಾದ. ರಸಾಯನಶಾಸ್ತ್ರ ಬಿಟ್ಟು ಬಂಡೆಗಳ ಕಡೆ ಹೊರಳಿದ. ಭೂವಿಜ್ಞಾನ ಐಸ್‌ಲ್ಯಾಂಡ್ ಕಾಲದಿಂದಲೂ ಅವನ ಹುಚ್ಚು. 1895ರಲ್ಲಿ ಲಂಡನ್ನಿನಲ್ಲಿ ರಾಮ್‌ಸೇ ಯುರೇನಿಯಂ ಖನಿಜವೊಂದರ ಅನಿಲದಲ್ಲಿ ಅದೇ ಹಳದಿ ಗೆರೆ ಕಂಡು ಭೂಮಿಯಲ್ಲೂ ಹೀಲಿಯಂ ಇದೆಯೆಂದು ತೋರಿಸಿದಾಗ ಬನ್ಸನ್ ಇನ್ನೂ ಬದುಕಿದ್ದ. 1899ರ ಆಗಸ್ಟ್ 16ರಂದು ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡ, 88 ವರ್ಷವಾಗಿತ್ತು. ಅದಾಗಿ 78 ವರ್ಷಕ್ಕೆ, 1977ರಲ್ಲಿ, ಗಲಾಪಗೋಸ್ ಬಳಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಎರಡೂವರೆ ಸಾವಿರ ಮೀಟರ್ ಆಳಕ್ಕಿಳಿದಾಗ ಮನುಷ್ಯರು ಮೊದಲ ಬಾರಿಗೆ ಸಮುದ್ರದಡಿಯ ಬಿಸಿನೀರಿನ ಬುಗ್ಗೆಗಳನ್ನು ಕಣ್ಣಾರೆ ನೋಡಿದರು.